ಹಾರೆ ಕಚ್ಚಿ ಕೇಳಿದ ಲಾಡಸಾಬ

ಗುಡೂರಿನ ಹಳ್ಳದ ದಂಡೆಯ ಮೇಲಿದ್ದ ಸಣ್ಣ ಮಸೀದಿಗೆ ದಿನಕ್ಕೆ ಐದು ಹೊತ್ತೂ ತಪ್ಪದೆ ಬರುತ್ತಿದ್ದವರು ಲಾಡಸಾಬ ಒಬ್ಬರೇ. ಉಳಿದವರು ಬಾಂಗು ಕೇಳಿ ಬರುತ್ತಿದ್ದರು, ಕೆಲಸವಿದ್ದರೆ ಕೇಳಿಯೂ ಬರುತ್ತಿರಲಿಲ್ಲ. ಲಾಡಸಾಬರಿಗೆ ಬಾಂಗು ಕೇಳುತ್ತಲೇ ಇರಲಿಲ್ಲ. ಅವರು ಮಸೀದಿಯ ಅಂಗಳದಲ್ಲಿ ಒಂದು ಗೂಟ ನೆಟ್ಟು, ಅದರ ನೆರಳು ಎಲ್ಲಿಗೆ ಬಂದರೆ ಯಾವ ನಮಾಜು ಎಂದು ನೆಲದಲ್ಲಿ ಸಣ್ಣ ಕಲ್ಲುಗಳನ್ನು ಹೂಳಿಟ್ಟಿದ್ದರು. ನಸುಕಿನ ನಮಾಜಿಗೆ ಹೆಂಡತಿ ಮೌಲಾಬಿ ಅವರ ಮುಂಗೈ ಮೇಲೆ ಎರಡು ಸಲ ಬೆರಳು ಬಡಿದರೆ ಸಾಕು, ಎದ್ದು ಕೂಡುತ್ತಿದ್ದರು.

ಇದನ್ನೆಲ್ಲ ನನಗೆ ಹೇಳಿದವಳು ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ ಸಕ್ರವ್ವ. ಲಾಡಸಾಬರನ್ನು ನಾನು ಕಂಡವನಲ್ಲ. ಅವರು ಮಣ್ಣಾಗಿ ಮೂವತ್ತು ವರ್ಷಗಳಾದ ಮೇಲೆ ನಾನು ಹುಟ್ಟಿದೆ. ಆದರೆ ಅವರು ಇಲ್ಲದಿದ್ದರೆ ನನ್ನ ತಂದೆಯೂ ಹುಟ್ಟುತ್ತಿರಲಿಲ್ಲ, ನಾನೂ ಹುಟ್ಟುತ್ತಿರಲಿಲ್ಲ. ಆಯಿ ಈ ಮಾತನ್ನು ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಎಷ್ಟು ಸಲ ಹೇಳಿದ್ದಾಳೋ. ಪ್ರತಿ ಸಲ ಹೇಳುವಾಗಲೂ ಒಂದು ಕಡೆ ಬಂದ ಕೂಡಲೇ ಆಕೆಯ ಕೈ ರೊಟ್ಟಿಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಲಾಡಸಾಬರು ಹುಟ್ಟಿದ್ದು ಗುಡೂರಿನ ನೇಕಾರರ ಮನೆಯಲ್ಲಿ. ಹತ್ತೊಂಬತ್ತು ವರ್ಷಕ್ಕೆ ಮಗ್ಗದ ಕುಣಿಯಿಂದ ಎದ್ದು ಪುಣೆಗೆ ಹೋಗಿ ದಂಡು ಸೇರಿದರು. ಅವರು ಸೇರಿದ್ದು ಸಫರಮೈನಾ ಪಲ್ಟನ್ನು. ಆ ಪಲ್ಟನ್ನಿನವರ ಕೈಯಲ್ಲಿ ಬಂದೂಕಿಗಿಂತ ಗುದ್ದಲಿ ಇದ್ದದ್ದೇ ಹೆಚ್ಚು. ದಂಡು ಮುಂದೆ ಹೋಗಬೇಕಾದರೆ ಗುಡ್ಡ ಕಡಿದು ದಾರಿ ಮಾಡುವುದು, ಹೊಳೆಗೆ ಸೇತುವೆ ಕಟ್ಟುವುದು, ಕೋಟೆ ಗೋಡೆಯ ಬುಡಕ್ಕೆ ಸುರಂಗ ಕೊರೆಯುವುದು ಅವರ ಕೆಲಸ. ಹದಿನಾಲ್ಕು ವರ್ಷ ಅವರು ಇದನ್ನೇ ಮಾಡಿದರು. ಕಂದಹಾರದ ಕಡೆ ಯುದ್ಧಕ್ಕೆ ಹೋದಾಗ, ಒಂದು ಕಣಿವೆಯಲ್ಲಿ ಬಂಡೆ ಸಿಡಿಸಲು ತುಂಬಿದ್ದ ಮದ್ದು ಹೊತ್ತಿಗೆ ಮೊದಲೇ ಹಾರಿತು. ಜೊತೆಗಿದ್ದ ಮೂವರು ಅಲ್ಲೇ ಹೋದರು. ಲಾಡಸಾಬರ ಎರಡೂ ಕಿವಿಯಿಂದ ರಕ್ತ ಸುರಿಯಿತು. ಹವಾಲ್ದಾರಿಕೆಯ ಪಟ್ಟಿ, ಪಿಂಚಣಿಯ ಕಾಗದ ಮತ್ತು ಏನೂ ಕೇಳದ ಎರಡು ಕಿವಿ, ಇಷ್ಟನ್ನು ಹೊತ್ತುಕೊಂಡು ಊರಿಗೆ ಬಂದಾಗ ಅವರಿಗೆ ಮೂವತ್ಮೂರು ವರ್ಷ.

ಬಂದ ವರ್ಷವೇ ಅವರ ತಮ್ಮ ತೀರಿಕೊಂಡ. ತಮ್ಮನ ಮೂವರು ಹೆಣ್ಣುಮಕ್ಕಳನ್ನು ಲಾಡಸಾಬ, ಮೌಲಾಬಿ ತಮ್ಮ ಒಬ್ಬನೇ ಮಗ ಜಾಫರಸಾಬನ ಜೊತೆಗೆ ಒಂದೇ ತಟ್ಟೆಯಲ್ಲಿ ಉಣಿಸಿ ಬೆಳೆಸಿದರು. ಮೂವರನ್ನೂ ಇಳಕಲ್ಲು, ಕಮತಗಿಯ ಕಡೆ ಒಳ್ಳೆಯ ಮನೆ ನೋಡಿ ಕೊಟ್ಟರು. ಜಾಫರಸಾಬ ಮನೆಯ ಮಗ್ಗ ಹಿಡಿದ. ಮುಂದೆ ಮೊಮ್ಮಕ್ಕಳಾದರು. ಮನೆಯಲ್ಲಿ ಯಾರು ಎತ್ತ ಓಡಿದರೂ ಲಾಡಸಾಬರು ಗೋಡೆಗೆ ಮುಖ ಮಾಡಿ ಕೂತಲ್ಲಿಂದಲೇ ಹೆಸರು ಹಿಡಿದು ಕರೆಯುತ್ತಿದ್ದರು. ನೆಲದ ಮೇಲೆ ಅಂಗಾಲು ಬೀಳುವ ರೀತಿಯಿಂದ ಅವರಿಗೆ ಇಂಥವರೆಂದು ತಿಳಿಯುತ್ತಿತ್ತು. ತಮ್ಮ ಧ್ವನಿ ತಮಗೇ ಕೇಳದ್ದರಿಂದ ಅವರ ಮಾತು ಒಮ್ಮೆ ಪಿಸುಗುಟ್ಟಿದಂತೆ, ಒಮ್ಮೆ ಕವಾಯತು ಮಾಡಿಸಿದಂತೆ ಬರುತ್ತಿತ್ತು. ಎದುರಿಗಿದ್ದವರ ತುಟಿ ನೋಡಿ ಅರ್ಧ ತಿಳಿಯುತ್ತಿದ್ದರು. ಉಳಿದರ್ಧವನ್ನು ಮೌಲಾಬಿ ಅವರ ಮುಂಗೈ ಮೇಲೆ ಬೆರಳಾಡಿಸಿ ತಿಳಿಸುತ್ತಿದ್ದಳು. ಗಂಡಹೆಂಡತಿ ಇಬ್ಬರಿಗೆ ಮಾತ್ರ ಗೊತ್ತಿದ್ದ ಭಾಷೆ ಅದು.

ಮಸೀದಿಯಲ್ಲಿ ನೀರಿರಲಿಲ್ಲ. ನಮಾಜಿಗೆ ಬರುವವರು ಕೈಕಾಲು ತೊಳೆಯಲು ಬೇಕಾದ ನೀರನ್ನು ಲಾಡಸಾಬರೇ ದಿನವೂ ಹೆಗಲ ಮೇಲೆ ಅಡ್ಡೆ ಹೊತ್ತು ಗೌಡರ ಬಾವಿಯಿಂದ ತರುತ್ತಿದ್ದರು. ಆ ಬಾವಿಯ ಕಟ್ಟೆಯಿಂದ ಇಪ್ಪತ್ತು ಮಾರು ದೂರದಲ್ಲಿ ಊರ ಹೊರಗಿನ ಕೇರಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಬಿಸಿಲಲ್ಲಿ ನಿಂತಿರುತ್ತಿದ್ದರು. ಅವರು ಬಾವಿ ಮುಟ್ಟುವಂತಿರಲಿಲ್ಲ. ಯಾರಾದರೂ ಮೇಲಿನವರು ಸೇದಿ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಲಾಡಸಾಬರು ಮೊದಲು ಅವರ ಕೊಡಗಳನ್ನು ತುಂಬಿಸಿ, ಆಮೇಲೆ ಮಸೀದಿಯ ಕೊಡ ತುಂಬುತ್ತಿದ್ದರು. ಹೀಗೆ ಮೂವತ್ತು ವರ್ಷ. ಅರವತ್ನಾಲ್ಕನೆಯ ವಯಸ್ಸಿನಲ್ಲಿ, ೧೯೧೧ರ ಬೇಸಿಗೆಯಲ್ಲಿ, ಒಂದು ದಿನ ಅಡ್ಡೆ ಇಳಿಸಿ, ಮಸೀದಿಯ ಅಂಗಳದಲ್ಲೇ ಬಾವಿ ತೋಡುವುದೆಂದು ಸಾರಿದರು. ಅಲ್ಲಿ ಯಾರ ಹಗ್ಗ, ಯಾರ ಕೊಡ ಎಂದು ಕೇಳುವವರು ಇರುವುದಿಲ್ಲ ಎಂದೂ ಹೇಳಿದರು.

ಮನೆಗೊಬ್ಬ ಆಳು ಬರಬೇಕೆಂದು ಊರೆಲ್ಲ ತಿರುಗಿದರು. ಹೊಲದಲ್ಲಿ ಕೆಲಸವಿಲ್ಲದ ಕಾಲ. ಹವಾಲ್ದಾರರ ಮಾತಿಗೆ ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ನಮ್ಮ ಮನೆಯಿಂದ ಹೋದವನು ನನ್ನ ಅಜ್ಜ ದೇವಪ್ಪ. ಆಗ ಅವನಿಗೆ ಇಪ್ಪತ್ತೆರಡು, ಮದುವೆಯಾಗಿ ಒಂದು ವರ್ಷ. ಹೊರಗಿನ ಕೇರಿಯಿಂದ ಬಂದವನು ಕಲ್ಲಪ್ಪ; ಕಲ್ಲು ಒಡೆಯುವುದರಲ್ಲಿ ಅವನಿಗೆ ಸಾಟಿಯಾದವರು ಸುತ್ತಲ ಊರುಗಳಲ್ಲಿ ಇರಲಿಲ್ಲ.

ಹದಿನಾರು ಮೊಳ ಇಳಿದರೂ ನೀರು ಕಾಣಲಿಲ್ಲ. ಆದರೆ ತಳದಲ್ಲಿ ಹಳ್ಳದ ಕಡೆಯ ಗರಸು ಮಣ್ಣು ಕೈಗೆ ತಣ್ಣಗೆ ಹತ್ತುತ್ತಿತ್ತು. ಲಾಡಸಾಬರು ಅದನ್ನು ಮುಟ್ಟಿ, ಮೂಸಿ, ಆ ಬದಿಗೆ ಗವಿಯಂತೆ ಒಳಕ್ಕೆ ತೋಡಲು ಹೇಳಿದರು. ಒಂದು ವಿಷಯ ಮಾತ್ರ ಬಾಕಿ ಉಳಿದಿತ್ತು. ಬಾವಿಯ ಮೇಲಿನ ಎಂಟು ಮೊಳ ಬರೀ ಸಡಿಲು ಮಣ್ಣು. ಅದಕ್ಕೆ ಸುತ್ತ ಕಲ್ಲು ಕಟ್ಟಬೇಕಿತ್ತು. ಕಲ್ಲು ಬಂದು ಬಿದ್ದಿದ್ದವು. ಆ ದಿನ ಗುರುವಾರ. ಜುಮ್ಮಾ ನಮಾಜು ಮುಗಿಸಿ ಶನಿವಾರ ಕಟ್ಟಿದರಾಯಿತು ಎಂದು ಲಾಡಸಾಬರು ಮುಂದಕ್ಕೆ ಹಾಕಿದ್ದರು.

ಮಧ್ಯಾಹ್ನದ ನಮಾಜಿನ ಹೊತ್ತು. ಉಳಿದ ಆಳುಗಳು ಉಣ್ಣಲು ಹೋಗಿದ್ದರು. ದೇವಪ್ಪ, ಕಲ್ಲಪ್ಪ ಇಬ್ಬರೇ ಕೆಳಗೆ ಗವಿಯಲ್ಲಿದ್ದರು. ಮಸೀದಿಯೊಳಗೆ ಲಾಡಸಾಬರು ಹಣೆಯನ್ನು ನೆಲಕ್ಕೆ ಹಚ್ಚಿದ್ದರು. ಪಕ್ಕದಲ್ಲಿ ನಮಾಜು ಮಾಡುತ್ತಿದ್ದ ಮುಲ್ಲಾ ಅಹ್ಮದಸಾಬರಿಗೆ ಏನೂ ಕೇಳಿಸಲಿಲ್ಲ. ಲಾಡಸಾಬರ ಹಣೆಗೆ ಮಾತ್ರ ನೆಲದೊಳಗಿಂದ ಯಾರೋ ಒದ್ದಂತಾಯಿತು. ಅವರು ನಮಾಜನ್ನು ಅರ್ಧಕ್ಕೇ ಬಿಟ್ಟು ಎದ್ದು ಓಡಿದರು. ಅವರ ಆಯುಷ್ಯದಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲವೆಂದು ಮುಲ್ಲಾಸಾಹೇಬರು ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು.

ಬಾವಿಯ ಬಾಯಿಯಿಂದ ಧೂಳು ಏಳುತ್ತಿತ್ತು. ಮೇಲಿನ ಮಣ್ಣೆಲ್ಲ ಕುಸಿದು ಅರ್ಧ ಬಾವಿ ತುಂಬಿಹೋಗಿತ್ತು.

ಊರು ಕೂಡಿತು. ಜನ ಬಾವಿಗೆ ಬಗ್ಗಿ ಹೆಸರು ಕೂಗಿದರು, ಕಿವಿಗೊಟ್ಟರು. ಯಾವ ಸದ್ದೂ ಇಲ್ಲ. ನಮ್ಮ ಮುತ್ತಜ್ಜಿ, ದೇವಪ್ಪನ ತಾಯಿ, ಎದೆ ಬಡಿದುಕೊಂಡು ಅಳತೊಡಗಿದಳು. ಹದಿನೇಳು ವರ್ಷದ ಸಕ್ರವ್ವ ಅತ್ತೆಯ ಸೆರಗು ಹಿಡಿದು, ಅಳುವುದೂ ತಿಳಿಯದೆ ನಿಂತಿದ್ದಳು. ಸ್ವಲ್ಪ ದೂರದಲ್ಲಿ ಕಲ್ಲಪ್ಪನ ಹೆಂಡತಿ ಸತ್ಯವ್ವ ನೆಲಕ್ಕೆ ಕುಸಿದಿದ್ದಳು. ಗೌಡರು ಬಾವಿಯ ಅಂಚು ನೋಡಿ ತಲೆಯಾಡಿಸಿದರು.

"ಹವಾಲ್ದಾರ್ರ, ಮ್ಯಾಲಿಂದ ತೋಡಾಕ ಹ್ವಾದ್ರ ಉಳದ ಮಣ್ಣೂ ಕುಸೀತೈತಿ. ಮತ್ತ ನಾಕ ಮಂದಿ ಹೋಗ್ತಾರ. ಆಗೂದು ಆಗಿಹೋತು. ಇದನ್ನ ಮುಚ್ಚಿಬಿಡೂದು ಚಲೋ."

ಲಾಡಸಾಬರು ಗೌಡರ ತುಟಿಯನ್ನೇ ನೋಡುತ್ತಿದ್ದರು. ಒಂದು ಉದ್ದನೆಯ ಹಾರೆ ಎತ್ತಿಕೊಂಡು ಹಳ್ಳಕ್ಕೆ ಇಳಿದರು. ಅಲ್ಲಿ ದಂಡೆ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಬಾವಿ ಇದ್ದದ್ದು ಆ ದಂಡೆಯ ಮೇಲೆ, ಹತ್ತೊಂಬತ್ತು ಮೊಳ ಒಳಗೆ. ಹಳ್ಳದ ತಳವೂ ಬಾವಿಯ ತಳವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಅವರು ಹಾರೆಯನ್ನು ದಂಡೆಯ ಗರಸಿನೊಳಕ್ಕೆ ಬಡಿದು ಇಳಿಸಿದರು. ಅದರ ಹೊರಗಿನ ತುದಿಯನ್ನು ಬಾಯಲ್ಲಿ ಇಟ್ಟುಕೊಂಡು ಹಲ್ಲಿನಿಂದ ಬಿಗಿಯಾಗಿ ಕಚ್ಚಿ, ಕಣ್ಣು ಮುಚ್ಚಿದರು.

ಮಗನ ಹೆಣ ಒಳಗಿರುವಾಗ ಈ ಮುದುಕ ಕಬ್ಬಿಣ ಕಚ್ಚಿ ನಿಂತದ್ದನ್ನು ಕಂಡು ದೇವಪ್ಪನ ತಾಯಿಗೆ ಸಿಟ್ಟೇ ಬಂತಂತೆ. ಲಾಡಸಾಬರು ಹಾರೆ ಬಿಟ್ಟು ತಿರುಗಿ, ಕವಾಯತಿನ ಧ್ವನಿಯಲ್ಲಿ ಕೂಗಿದರು:

"ಎಲ್ಲಾರೂ ಕುಂದರ್ರಿ! ಕಾಲ ಮಿಸುಕಾಡಿಸಬ್ಯಾಡ್ರಿ! ದನಾ ಹೊಡಕೊಂಡು ಹೋಗ್ರಿ! ಜಾಫರ್, ಊರಾಗಿನ ಮಗ್ಗ ಎಲ್ಲಾ ನಿಂದರಸು, ಓಡು!"

ಜಾಫರಸಾಬ ಓಣಿ ಓಣಿ ಓಡಿದ. ಲಾಳಿಯ ಸದ್ದು ಒಂದೊಂದು ಮನೆಯಲ್ಲಿ ನಿಂತಿತು. ದನ ದೂರ ಹೋದವು. ನಾಲ್ಕು ನೂರು ಮಂದಿ ಇದ್ದಲ್ಲೇ ಕೂತರು. ಮಕ್ಕಳನ್ನು ತೊಡೆಯ ಮೇಲೆ ಎಳೆದು ಹಿಡಿದುಕೊಂಡರು. ಗೌಡರೂ ಕೂತರು. ಗುಡೂರಿನಲ್ಲಿ ಹಗಲುಹೊತ್ತಿನಲ್ಲಿ ಅಂಥ ಮೌನ ಹಿಂದೆಯೂ ಇರಲಿಲ್ಲ, ಮುಂದೆಯೂ ಆಗಲಿಲ್ಲ ಎನ್ನುತ್ತಿದ್ದಳು ಆಯಿ.

ಲಾಡಸಾಬರು ಮತ್ತೆ ಹಾರೆ ಕಚ್ಚಿದರು. ಎಷ್ಟೋ ಹೊತ್ತು. ಆಮೇಲೆ ಅವರ ಬಲಗೈ ಮೇಲೆದ್ದಿತು. ಮೂರು ಬೆರಳು ಎತ್ತಿದರು. ಮಡಿಚಿದರು. ಮತ್ತೆ ಮೂರು ಬೆರಳು ಎತ್ತಿದರು.

"ಅದಾರ," ಎಂದರು. ಈ ಸಲ ಪಿಸುಗುಟ್ಟಿದಂತೆ. "ಇಬ್ರೂ ಅದಾರ. ಒಬ್ಬಂದು ಭಾರ ಪೆಟ್ಟು, ಒಬ್ಬಂದು ಹಗರ ಪೆಟ್ಟು. ಮೂರು ಬಡೀತಾರ, ಬಿಡ್ತಾರ. ಮೂರು ಬಡೀತಾರ, ಬಿಡ್ತಾರ."

ಯಾರೂ ನಂಬಲಿಲ್ಲ. ಕಿವುಡರಿಗೆ ಕೇಳಿದ್ದು ತಮಗೆ ಯಾಕೆ ಕೇಳುವುದಿಲ್ಲ ಎಂದು ಒಂದಿಬ್ಬರು ಗೊಣಗಿದರು. ಲಾಡಸಾಬರು ಜನರ ನಡುವೆ ನೋಡಿ ಸಕ್ರವ್ವನ ಕಡೆ ಕೈ ಮಾಡಿದರು.

"ಬಾ ಇಲ್ಲಿ ಮಗಳ. ಇದನ್ನ ಕಚ್ಚು. ಬಿಗಿ ಕಚ್ಚು. ಕಿವಿಲಿಂದ ಕೇಳಬ್ಯಾಡ."

ಹೊಸ ಸೊಸೆ, ಊರೆಲ್ಲ ನೋಡುತ್ತಿದೆ, ಪರಗಂಡಸು ಕಚ್ಚಿದ ಕಬ್ಬಿಣ. ಸಕ್ರವ್ವ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡದೆ ಹೋಗಿ ಕಚ್ಚಿದಳು. ಮೊದಲು ಮಣ್ಣಿನ ರುಚಿ ಬಂತು. ಆಮೇಲೆ ದವಡೆಯಲ್ಲಿ, ತಲೆಬುರುಡೆಯಲ್ಲಿ, ಕಣ್ಣಿನ ಹಿಂದೆ ಎಲ್ಲೋ ಯಾರೋ ಮೆಲ್ಲಗೆ ಕದ ತಟ್ಟಿದಂತಾಯಿತು. ಮೂರು ಸಲ. ಬಿಟ್ಟು ಮತ್ತೆ ಮೂರು ಸಲ.

ರೊಟ್ಟಿಯ ಮೇಲೆ ಆಯಿಯ ಕೈ ನಿಂತುಬಿಡುತ್ತಿದ್ದದ್ದು ಇಲ್ಲಿ. "ನಿಮ್ಮಜ್ಜಾ ನನ್ನ ಹಲ್ಲಿನ್ಯಾಗ ಬಂದು ಬಡದಾ," ಎನ್ನುತ್ತಿದ್ದಳು. "ನಾ ಬಾಯಿ ತಗದು ಹೇಳಾಕ ಹ್ವಾದ್ರ ಕೇಳೂದು ನಿಂದರತಿತ್ತು. ಅದಕ್ಕ ಕಚ್ಚಿಕೊಂಡ ಅತ್ತೆ."

ಆಕೆ ಅತ್ತದ್ದು ನೋಡಿ ಊರಿಗೆ ನಂಬಿಕೆ ಬಂತು. ಲಾಡಸಾಬರು ಸುತ್ತಿಗೆಯಿಂದ ಹಾರೆಯ ತಲೆಗೆ ಐದು ಪೆಟ್ಟು ಹಾಕಿ ಮತ್ತೆ ಕಚ್ಚಿದರು. ಒಳಗಿಂದ ಐದು ಪೆಟ್ಟು ತಿರುಗಿ ಬಂದವು.

"ತಪ್ಪು ನಂದ್ರಿ ಗೌಡ್ರ," ಎಂದರು ಅವರು. "ಕಲ್ಲ ಕಟ್ಟೂದು ನಾ ಮುಂದ ಹಾಕಿದೆ. ಈಗ ಮ್ಯಾಲಿಂದ ತೋಡೂದಿಲ್ಲ. ಬಾಜೂಲಿಂದ ಹೋಗ್ತೇನಿ. ಗರಸು ಮೆತ್ತಗೈತಿ, ಆದ್ರ ಮ್ಯಾಲೆ ಹಿಡಿಯಾಕ ಕಟಗಿ ಬೇಕು. ಭಾಳ ಬೇಕು."

ಅಷ್ಟು ಕಟ್ಟಿಗೆ ಎಲ್ಲಿಂದ ಬರಬೇಕು? ಲಾಡಸಾಬರು ನೇರ ಮನೆಗೆ ನಡೆದರು. ತಮ್ಮ ಮನೆಯ ಮುಂಬಾಗಿಲನ್ನು ಕೀಲಿನಿಂದ ಎತ್ತಿ ಬೆನ್ನ ಮೇಲೆ ಹೊತ್ತು ತಂದು ಹಳ್ಳದಲ್ಲಿ ಇಳಿಸಿದರು. ಅದನ್ನು ಕಂಡು ಜನ ಎದ್ದರು. ನೇಕಾರರ ಬಾಗಿಲು ಬಂದವು, ಒಕ್ಕಲಿಗರ ಬಾಗಿಲು ಬಂದವು. ಹೊರಗಿನ ಕೇರಿಯಿಂದ ಬಾಗಿಲೆಂದು ಕಟ್ಟಿಕೊಂಡಿದ್ದ ಹಲಗೆಗಳು ಬಂದವು. ಮುಲ್ಲಾ ಅಹ್ಮದಸಾಬರು ಮಸೀದಿಯ ಕದ ಬಿಚ್ಚಿಸಿದರು. ಅದನ್ನು ನೋಡಿ ಹಣಮಪ್ಪನ ಗುಡಿಯ ಪೂಜಾರಿ ತನ್ನ ಗುಡಿಯ ಕದವನ್ನೂ ಹೊತ್ತು ತಂದ.

"ನಮ್ಮ ದೇವರಿಗೆ ಬಾಗಲಾ ಇಲ್ದಿದ್ರೂ ನಡೀತೈತ್ರಿ," ಎಂದ. "ಗಾಳಿ ಮಗಾ ಅಂವಾ."

ಕೊನೆಗೆ ಗೌಡರ ವಾಡೆಯಿಂದ ಹಿತ್ತಾಳೆಯ ಮೊಳೆ ಹೊಡೆದ ಜೋಡು ಕದಗಳನ್ನು ನಾಲ್ಕು ಮಂದಿ ತಂದರು. ಒಂದು ತುದಿಗೆ ಗೌಡರೇ ಹೆಗಲು ಕೊಟ್ಟಿದ್ದರು. ಮೂವತ್ತೇಳು ಬಾಗಿಲು. ಸಂಜೆಯ ಹೊತ್ತಿಗೆ ಗುಡೂರಿನ ಬಹಳಷ್ಟು ಮನೆಗಳು ಬಾಯಿ ತೆರೆದುಕೊಂಡು ನಿಂತಿದ್ದವು.

ಎರಡೂವರೆ ಮೊಳ ಎತ್ತರ, ಎರಡು ಮೊಳ ಅಗಲ. ಅಷ್ಟರಲ್ಲೇ ಒಬ್ಬ ಮೊಣಕಾಲ ಮೇಲೆ ಕೂತು ಅಗೆಯಬೇಕು. ಹಿಂದಿನವನು ಮಣ್ಣು ಬುಟ್ಟಿಗೆ ತುಂಬಿ ಹೊರಗೆ ಎಳೆಯಬೇಕು. ಮೊಳಕ್ಕೊಮ್ಮೆ ಎರಡು ಕಡೆ ಕಂಬ ನಿಲ್ಲಿಸಿ ಮೇಲೆ ಬಾಗಿಲು ಕೂರಿಸಬೇಕು. ಅಗೆಯುವವರು ಬದಲಾಗುತ್ತಿದ್ದರು. ಬಾಗಿಲು ಕೂರಿಸುವ ಕೆಲಸ ಮಾತ್ರ ಲಾಡಸಾಬರದೇ. ಅವರು ಒಳಗೆ ಹೋದಾಗ ಹೊರಗಿನಿಂದ ಕೂಗಿದರೆ ಕೇಳುವುದಿಲ್ಲವಲ್ಲ. ಅದಕ್ಕೆ ಮೌಲಾಬಿ ಅವರ ಕಾಲಿಗೆ ಒಂದು ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಸುರಂಗದ ಬಾಯಿಯಲ್ಲಿ ಕೂತಳು. ಒಂದು ಸಲ ಜಗ್ಗಿದರೆ ನಿಲ್ಲು ಎಂದು, ಎರಡು ಸಲ ಜಗ್ಗಿದರೆ ಹೊರಗೆ ಬಾ ಎಂದು ಅರ್ಥ. ಆಕೆ ಅಲ್ಲಿಂದ ಏಳಲಿಲ್ಲ. ಸಕ್ರವ್ವ ಒಂದು ಕಡೆ, ಸತ್ಯವ್ವ ಒಂದು ಕಡೆ ಆಕೆಗೆ ಒರಗಿ ಕೂತಿದ್ದರು. ಹಾಗೇ ರಾತ್ರಿ ಕಳೆಯಿತು.

ಬೆಳಗಾಗುವಾಗ ಹನ್ನೊಂದು ಮೊಳ ಆಗಿತ್ತು. ಅಲ್ಲಿ ದೊಡ್ಡ ಕಲ್ಲೊಂದು ಅಡ್ಡ ಬಂತು. ಒಡೆಯಲು ಹೋದರೆ ಮೇಲಿನದು ಅದುರುತ್ತದೆ. ಅದನ್ನು ಬಳಸಿ ಎಡಕ್ಕೆ ತಿರುಗಬೇಕಾಯಿತು. ಲಾಡಸಾಬರು ಹೊರಬಂದು ಹಾರೆ ಕಚ್ಚಿ ನೋಡಿದರು. ಅವರ ಮುಖ ನೋಡುತ್ತಿದ್ದ ಸಕ್ರವ್ವ ಕೇಳಿದಳು:

"ಎರಡೂ ಅದಾವೇನ್ರಿ ಅಜ್ಜಾರ?"

ಅವರು ಸುಳ್ಳು ಹೇಳಬಹುದಿತ್ತು.

"ಹಗರ ಪೆಟ್ಟು ಐತಿ. ಭಾರದ್ದು ನಿಂತೈತಿ ಮಗಳ."

ಭಾರದ ಪೆಟ್ಟು ಯಾರದು ಎಂದು ಯಾರಿಗೂ ಗೊತ್ತಿರಲಿಲ್ಲ. ಸಕ್ರವ್ವ, ಸತ್ಯವ್ವ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ಮೌಲಾಬಿಯ ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತ ಕೂತರು.

ಲಾಡಸಾಬರ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಮತ್ತೆ ಒಳಗೆ ಹೊರಟಾಗ ಜಾಫರಸಾಬ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ಅಬ್ಬಾನ್ನ ಹೊರಗ ಎಳಿ. ಒಳಗ ನೀರು ತೊಟ್ಟಿಕ್ಕಾಕತ್ತೈತಿ. ಯಾವಾಗ ಬೀಳತೈತೋ ಗೊತ್ತಿಲ್ಲ. ನೀ ಜಗ್ಗಿದ್ರ ಅಷ್ಟ ಬರ್ತಾರ, ನಾ ಹೇಳಿದ್ರ ಬರಾಂಗಿಲ್ಲ."

"ಜಗ್ಗಿದ್ರ ಬರ್ತಾರ," ಎಂದಳು ಮೌಲಾಬಿ. "ಅದು ನನಗ ಗೊತ್ತೈತಿ. ಮೂವತ್ತ ವರ್ಷ ಅವರಿಗೆ ಯಾರ ಮಾತೂ ಕೇಳಿಲ್ಲ ಜಾಫರ್. ಇವತ್ತ ಒಬ್ಬಂದು ಕೇಳಾಕತ್ತೈತಿ. ನಾ ಹೆಂಗ ಎಳೀಲಿ?"

ಜಾಫರಸಾಬ ಎದ್ದು ಬುಟ್ಟಿ ತೆಗೆದುಕೊಂಡು ತಂದೆಯ ಹಿಂದೆಯೇ ಒಳಗೆ ನುಗ್ಗಿದ.

ಶುಕ್ರವಾರ ನಡುಹಗಲು ದಾಟಿದಾಗ ಲಾಡಸಾಬರ ಗುದ್ದಲಿಯ ತುದಿ ಟೊಳ್ಳಿಗೆ ಹೊಕ್ಕಿತು. ಆ ತೂತಿನಿಂದ ಒಂದು ಕೈ ಹೊರಗೆ ಬಂದು ಅವರ ಗಡ್ಡ ಹಿಡಿದುಕೊಂಡಿತು. ಅದು ಕಲ್ಲಪ್ಪನ ಕೈ. ಅವನ ಇನ್ನೊಂದು ತೋಳು ಮುರಿದಿತ್ತು. ದೇವಪ್ಪನ ಬಲಗಾಲು ಮೊಣಕಾಲಿನವರೆಗೆ ಬಂಡೆಯ ಕೆಳಗೆ ಸಿಕ್ಕಿತ್ತು. ಸುತ್ತಿಗೆ ಅವನ ಕೈಯಲ್ಲಿತ್ತು. ಪ್ರಜ್ಞೆ ತಪ್ಪುವವರೆಗೆ ಭಾರದ ಪೆಟ್ಟು ಬಡಿದದ್ದು ಅವನೇ. ಆಮೇಲೆ ಕಲ್ಲಪ್ಪ ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಉಳಿದ ಒಂದು ಕೈಯಲ್ಲಿ ಸಣ್ಣ ಕಲ್ಲು ಹಿಡಿದು ಬಡಿಯುತ್ತಲೇ ಇದ್ದ. ಗವಿಯ ಗೋಡೆಯಲ್ಲಿ ಜಿನುಗುತ್ತಿದ್ದ ತೇವಕ್ಕೆ ತನ್ನ ತಲೆಯ ವಸ್ತ್ರ ಒತ್ತಿ, ಅದನ್ನು ಹಿಂಡಿ ದೇವಪ್ಪನ ಬಾಯಿಗೆ ಹನಿ ಹನಿ ಬಿಟ್ಟಿದ್ದ. ಬಿದ್ದ ಕಲ್ಲುಗಳ ಸಂದಿಯಿಂದ ಬಂದಷ್ಟು ಗಾಳಿಯಲ್ಲಿ ಇಬ್ಬರೂ ಉಳಿದಿದ್ದರು.

ದೇವಪ್ಪನ ಕಾಲು ಬಿಡಿಸುವಾಗ ಮೇಲೆ ಕೂರಿಸಿದ್ದ ಕೊನೆಯ ಬಾಗಿಲು ಕಿರುಗುಟ್ಟಿ ಬಾಗಿತು. ಕಂಬ ಜಾರಿತ್ತು. ಲಾಡಸಾಬರು ಅದರ ಕೆಳಗೆ ತೂರಿ, ಕೈಕಾಲು ನೆಲಕ್ಕೆ ಊರಿ, ಬೆನ್ನು ಕೊಟ್ಟು ನಿಂತರು. ಜಾಫರಸಾಬ ಬಂಡೆಯ ಕೆಳಗಿನ ಮಣ್ಣು ಕೆರೆದು ಕಾಲು ಹೊರತೆಗೆದು, ಜಾರಿದ ಕಂಬವನ್ನು ಮತ್ತೆ ನಿಲ್ಲಿಸುವವರೆಗೆ, ಅರವತ್ನಾಲ್ಕು ವರ್ಷದ ಆ ಬೆನ್ನು ಗೌಡರ ವಾಡೆಯ ಕದವನ್ನೂ ಅದರ ಮೇಲಿನ ನೆಲವನ್ನೂ ಹೊತ್ತಿತ್ತು. ಎಷ್ಟು ಹೊತ್ತು ಎಂದರೆ ಜಾಫರಸಾಬನಿಗೆ ಹೇಳಲು ಬರುತ್ತಿರಲಿಲ್ಲ. ತಂದೆಯ ಬೆವರು ತನ್ನ ಕುತ್ತಿಗೆಯ ಮೇಲೆ ಸುರಿಯುತ್ತಿತ್ತು ಎಂದಷ್ಟೇ ಹೇಳುತ್ತಿದ್ದ. ಆ ಮಾತು ಹೇಳುವಾಗ ಮುದುಕನಾಗಿದ್ದ ಅವನೂ ಅಳುತ್ತಿದ್ದನಂತೆ.

ಹೊರಗೆ ಮೌಲಾಬಿಯ ಕೈಯಲ್ಲಿದ್ದ ಹಗ್ಗ ಮೂರು ಸಲ ಜಗ್ಗಿತು.

"ಮೂರಂದ್ರ ಏನ್ ಯವ್ವಾ?" ಎಂದಳು ಸಕ್ರವ್ವ.

"ಮೂರು ನಮ್ಮ ಲೆಕ್ಕದಾಗ ಇಲ್ಲ," ಎಂದಳು ಮೌಲಾಬಿ. ಅರೆಗಳಿಗೆ ಹಗ್ಗ ನೋಡಿದಳು. ಆಮೇಲೆ ಇಬ್ಬರ ಕೈಯನ್ನೂ ಹಿಡಿದು ಒತ್ತಿದಳು. "ಇಬ್ರೂ ಬರಾಕತ್ತಾರ. ತಾವೂ ಬರಾಕತ್ತಾರ. ಒಳಗಿಂದ ಬಡೀತಿದ್ದ ಮೂರ ಇದು."

ಮೊದಲು ಕಲ್ಲಪ್ಪ ತೆವಳಿಕೊಂಡು ಬಂದ. ಹಿಂದೆ ಜಾಫರಸಾಬ ದೇವಪ್ಪನನ್ನು ಒಂದು ಹಲಗೆಯ ಮೇಲೆ ಎಳೆದುಕೊಂಡು ಬಂದ. ಬಿಸಿಲು ಮುಖಕ್ಕೆ ಬಿದ್ದಾಗ ದೇವಪ್ಪ ಕಣ್ಣು ತೆರೆದ. ಯಾರೂ ಕೂಗಲಿಲ್ಲವಂತೆ. ಇನ್ನೂ ಒಬ್ಬರು ಒಳಗಿದ್ದರು. ಕೊನೆಗೆ ಲಾಡಸಾಬರು ಹಿಮ್ಮುಖವಾಗಿ ತೆವಳುತ್ತ ಹೊರಬಂದರು. ನೆಟ್ಟಗೆ ನಿಲ್ಲಲು ಆಗಲಿಲ್ಲ. ಮೌಲಾಬಿ ಅವರ ಕಾಲಿನ ಹಗ್ಗ ಬಿಚ್ಚಿದಳು. ಆಗ ಊರಿಗೆ ಊರೇ ಹೋ ಎಂದಿತು. ಅವರಿಗೆ ಅದು ಕೇಳಿಸಲಿಲ್ಲ.

ದೇವಪ್ಪನ ತಾಯಿ, ಹೊರಗಿನ ಕೇರಿಯವರ ನೆರಳು ಬಿದ್ದರೂ ಸರಿದು ನಿಲ್ಲುತ್ತಿದ್ದವಳು, ಕಲ್ಲಪ್ಪನ ಮುಂದೆ ಬಂದು ಕೂತು, ತನ್ನ ಸೆರಗು ಹರಿದು ಅವನ ಮುರಿದ ತೋಳಿಗೆ ಕಟ್ಟಿದಳು.

ಲಾಡಸಾಬರನ್ನು ಹೊರಸಿನ ಮೇಲೆ ಮಲಗಿಸಲು ಜನ ಮುಂದಾದರು. ಅವರು ಕೈ ಅಡ್ಡ ಮಾಡಿದರು. ಸುರಂಗದ ಬಾಯಿಯಲ್ಲಿ ಅಂಗೈ ಅಗಲದಷ್ಟು ಒರತೆಯ ನೀರು ನಿಂತಿತ್ತು. ಅದರಲ್ಲೇ ಕೈ, ಮುಖ, ಕಾಲು ತೊಳೆದುಕೊಂಡರು. ಕದವಿಲ್ಲದ ಮಸೀದಿಯೊಳಗೆ ಹೋಗಿ, ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ನಮಾಜನ್ನು ಮೊದಲು ಮುಗಿಸಿದರು.

ಸುದ್ದಿ ತಿಳಿದು ವಾರದೊಳಗೆ ಹುನಗುಂದದಿಂದ ತಾಲೂಕಿನ ಸಾಹೇಬರು ಕುದುರೆ ಏರಿ ಬಂದರು. ಸರಕಾರಕ್ಕೆ ಬರೆದು ಲಾಡಸಾಬರಿಗೆ ಏನಾದರೂ ಮಾನ ಕೊಡಿಸಬೇಕೆಂದು ಅವರ ಮನಸ್ಸಿನಲ್ಲಿತ್ತು. ಲಾಡಸಾಬರಿಗೆ ಅರ್ಧ ಮಾತು ಮಾತ್ರ ತಿಳಿಯಿತು, ಏನು ಬೇಕು ಎಂದು ಕೇಳುತ್ತಿದ್ದಾರೆ ಅಂದುಕೊಂಡರು.

"ಮೂವತ್ತೇಳು ಬಾಗಲಾ ಬೇಕಾಗ್ಯಾವ್ರಿ ಸಾಹೇಬ್ರ," ಎಂದರು.

ಖರೆ ಮಾತು. ಸುರಂಗಕ್ಕೆ ಹಾಕಿದ ಬಾಗಿಲುಗಳನ್ನು ತೆಗೆದರೆ ಅದು ಕುಸಿಯುತ್ತಿತ್ತು. ಒಳಗೆ ಕಲ್ಲು ಕಟ್ಟುತ್ತ ಹೋದಂತೆ ಒಂದೊಂದೇ ಬಾಗಿಲು ಬಿಡಿಸಬೇಕಾಯಿತು. ಎಂಟು ತಿಂಗಳು ಗುಡೂರಿನ ಮನೆಗಳಿಗೆ ಕಂಬಳಿ, ಚಾಪೆ, ಹಳೆಯ ಕೌದಿಗಳೇ ಬಾಗಿಲಾಗಿದ್ದವು. ಆ ಎಂಟು ತಿಂಗಳಲ್ಲಿ ಒಂದು ಚೆಂಬು ಕೂಡ ಕಳುವಾಗಲಿಲ್ಲ ಎಂದು ಆಯಿ ಹೆಮ್ಮೆಯಿಂದ ಹೇಳುತ್ತಿದ್ದಳು.

ಮೇಲಿನ ಬಾವಿಯನ್ನು ಮುಚ್ಚಿದರು. ಸುರಂಗವನ್ನು ಮುಚ್ಚಲು ಲಾಡಸಾಬರು ಬಿಡಲಿಲ್ಲ. ಕಂದಹಾರದ ಕಡೆ ಜನ ಬಾವಿಯಿಂದ ನೀರು ಸೇದುವುದಿಲ್ಲ, ಗುಡ್ಡದ ಬುಡಕ್ಕೆ ಸುರಂಗ ಹೊಡೆದು ನೀರು ತಾನಾಗಿ ಹೊರಗೆ ಹರಿದು ಬರುವ ಹಾಗೆ ಮಾಡುತ್ತಾರೆ ಎಂದು ಎಲ್ಲರಿಗೂ ನೆಲದ ಮೇಲೆ ಗೀಟು ಎಳೆದು ತೋರಿಸಿದರು. ಅವರು, ಕುಂಟುವ ದೇವಪ್ಪ, ತೋಳು ಕೂಡಿದ ಕಲ್ಲಪ್ಪ ಮೂವರೂ ಎರಡು ವರ್ಷ ಅದನ್ನು ಒಳಗೊಳಗೆ ಬೆಳೆಸಿದರು. ದೇವಪ್ಪನಿಗೆ ಮತ್ತೆ ಭೂಮಿಯೊಳಗೆ ಹೋಗಲು ಹೆದರಿಕೆಯಾಗಲಿಲ್ಲವೇ ಎಂದು ನಾನು ಆಯಿಯನ್ನು ಕೇಳಿದ್ದೆ. "ಮೊದಲನೆ ದಿನಾ ಹವಾಲ್ದಾರಜ್ಜಾ ನಿಮ್ಮಜ್ಜನ ಕೈ ಹಿಡಕೊಂಡು ಒಳಗ ಕರಕೊಂಡು ಹೋದ್ರು. ಮತ್ತ ಅಂಜಲಿಲ್ಲ," ಎಂದಳು.

ಮೂರನೆಯ ಮಳೆಗಾಲ ಮುಗಿದ ಮೇಲೆ ಸುರಂಗದ ಬಾಯಿಯಿಂದ ಕಿರುಬೆರಳಿನಷ್ಟು ದಪ್ಪ ನೀರು ಹರಿಯತೊಡಗಿತು, ಬೇಸಿಗೆಯಲ್ಲೂ ನಿಲ್ಲಲಿಲ್ಲ. ಕೊಡ ತುಂಬಲು ಹಗ್ಗ ಬೇಕಿರಲಿಲ್ಲ, ಕಟ್ಟೆ ಹತ್ತಬೇಕಿರಲಿಲ್ಲ. ಹರಿಯುವ ನೀರು ಯಾರು ಮುಟ್ಟಿದರೂ ಮುಂದಕ್ಕೆ ಹೋಗುತ್ತಿತ್ತು. ಮೊದಲ ಕೊಡ ಸತ್ಯವ್ವ ತುಂಬಿದಳು. ಲಾಡಸಾಬರು ದಂಡೆಯ ಮೇಲೆ ಕೂತು, ಆಕೆ ಕೊಡ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ನಡೆದುಹೋದದ್ದನ್ನು ಕಾಣುವಷ್ಟು ದೂರ ನೋಡಿದರು.

ಅವರು ಇನ್ನೂ ಐದು ವರ್ಷ ಇದ್ದರು. ೧೯೧೮ರಲ್ಲಿ ಮಳೆಗಾಲದ ಕೊನೆಗೆ ಎಲ್ಲೆಡೆ ವಿಷಮಶೀತ ಜ್ವರ ಬಂತು. ಮನೆಮಂದಿಯೆಲ್ಲ ಮಲಗಿದ ಮನೆಗಳಲ್ಲಿ ನೀರು ಕೊಡುವವರಿರಲಿಲ್ಲ. ಎಪ್ಪತ್ತೊಂದು ವರ್ಷದ ಲಾಡಸಾಬರು ಮತ್ತೆ ಅಡ್ಡೆ ಹೆಗಲಿಗೇರಿಸಿದರು. ಯಾವ ಓಣಿ, ಯಾವ ಜಾತಿ ಎಂದು ನೋಡದೆ ಹೊಸ್ತಿಲು ದಾಟಿ ಒಳಗೆ ಹೋಗಿ ಬಾಯಿಗೆ ನೀರು ಬಿಡುತ್ತಿದ್ದರು. ಸತ್ತ ಮುಸಲ್ಮಾನರ ಹೆಣ ತೊಳೆದರು, ಹೊರುವವರಿಲ್ಲದ ಹಿಂದೂಗಳ ಹೆಣಕ್ಕೆ ಹೆಗಲು ಕೊಟ್ಟರು. ಇಪ್ಪತ್ತಾರನೆಯ ದಿನ ಅವರಿಗೇ ಜ್ವರ ಬಂತು. ಎರಡು ದಿನ ಮಲಗಿದರು. ಮೂರನೆಯ ದಿನ ನಸುಕಿನಲ್ಲಿ ಮೌಲಾಬಿ ಮುಂಗೈ ಮೇಲೆ ಬೆರಳು ಬಡಿದಾಗ ಏಳಲಿಲ್ಲ.

ಜ್ವರದ ಭಯದಲ್ಲಿ ಆಗ ಯಾರ ಮಣ್ಣಿಗೂ ಜನ ಹೋಗುತ್ತಿರಲಿಲ್ಲ. ನಾಲ್ಕು ಮಂದಿ ಸಿಕ್ಕರೆ ಸಾಕು ಎಂದುಕೊಂಡು ಜಾಫರಸಾಬ ಹೊರಗೆ ಬಂದ. ಓಣಿ ತುಂಬಿತ್ತು. ಇನ್ನೂ ನಿಲ್ಲಲು ಆಗದವರೂ ಕಂಬಳಿ ಹೊದ್ದು, ಕೋಲು ಊರಿಕೊಂಡು ಬಂದಿದ್ದರು. ಗೋರಿ ತೋಡಿದವರು ದೇವಪ್ಪ ಮತ್ತು ಕಲ್ಲಪ್ಪ. ಕಬರಸ್ತಾನದ ಬೇಲಿಯ ಹೊರಗೆ ಕೇರಿಯವರು, ಒಕ್ಕಲಿಗರು ಒಳಗೆ ಬರಬಹುದೋ ಇಲ್ಲವೋ ಎಂದು ನಿಂತಿದ್ದರು. ಮುಲ್ಲಾ ಅಹ್ಮದಸಾಬರು ನಮಾಜು ಮುಗಿಸಿ ಬೇಲಿಯ ಬಳಿಗೆ ಬಂದರು.

"ಒಳಗ ಬರ್ರಿ," ಎಂದರು. "ಮೂರ ಮೂರ ಹಿಡಿ ಮಣ್ಣ ಎಲ್ಲಾರೂ ಹಾಕ್ರಿ."

ಹೆಂಗಸರು ಕಬರಸ್ತಾನಕ್ಕೆ ಹೋಗುವ ಪದ್ಧತಿ ಇರಲಿಲ್ಲ. ನಮ್ಮ ಆಯಿ ಮೂರು ವರ್ಷದ ನನ್ನ ತಂದೆಯನ್ನು ದೇವಪ್ಪನ ಹೆಗಲ ಮೇಲೆ ಕೂರಿಸಿ ಕಳಿಸಿದ್ದಳು. ಆ ಸಣ್ಣ ಮುಷ್ಟಿಯಲ್ಲಿ ಹಿಡಿದಷ್ಟು ಮಣ್ಣೂ ಅಲ್ಲಿ ಬಿತ್ತು. ಸಾಲು ಹೊತ್ತು ಏರುವವರೆಗೂ ಮುಗಿಯಲಿಲ್ಲ. ಎಲ್ಲರೂ ಮೂರು ಹಿಡಿ ಹಾಕಿ ಹೋದ ಮೇಲೆ ನೋಡಿದರೆ ಗೋರಿಯ ಮೇಲಿನ ಮಣ್ಣು ಆಳೆತ್ತರದ ಗುಡ್ಡೆಯಾಗಿತ್ತು. ಮರುದಿನ ಜಾಫರಸಾಬ, ಗೋರಿ ಗೇಣಿಗಿಂತ ಎತ್ತರ ಇರಬಾರದೆಂದು, ಸಲಿಕೆ ಹಿಡಿದು ಅದನ್ನು ತಗ್ಗಿಸಲು ಹೋದವನು, ಸ್ವಲ್ಪ ಹೊತ್ತು ನಿಂತು ನೋಡಿ, ಹಾಗೇ ತಿರುಗಿ ಬಂದ.